ಬಾರ್ ಇಲ್ಲದ ಸೈಕಲ್ಲಿಗೆ ಎಲ್ಲಿದೆ ಜಾಗ?

ಶನಿವಾರ ಬೆಳಿಗ್ಗೆ ಸತ್ತೇಗಾಲ ದಾಟಿ ಕೊಳ್ಳೇಗಾಲದ ಕಡೆಗೆ ಬರುವ ಬೆಂಗಳೂರಿನ ಕಾರುಗಳಲ್ಲಿ ಒಂದೆರಡರ ಬೆನ್ನಿಗಾದರೂ ಸೈಕಲ್ ಜೋತುಬಿದ್ದಿರುತ್ತದೆ. ಈ ಸೀಮೆಗೆ ಅದಿನ್ನೂ ಹೊಸ ನೋಟ. ಇಲ್ಲಿ ಕಾರಿನ ಕ್ಯಾರಿಯರ್ ಎಂದರೆ ಇವತ್ತಿಗೂ ತಲೆಯ ಮೇಲಿನ ಕಬ್ಬಿಣದ ಚೌಕಟ್ಟೇ. ಮಾದಪ್ಪನ ಬೆಟ್ಟಕ್ಕೆ ಹೊರಟ ಮನೆಯವರು ಅಡುಗೆ ಪಾತ್ರೆ, ಅಕ್ಕಿ ಚೀಲ, ಚಾಪೆ ಎಲ್ಲವನ್ನೂ ಅಲ್ಲಿಗೇರಿಸಿ ಹಗ್ಗ ಬಿಗಿಯುತ್ತಾರೆ. ಮಕ್ಕಳ ಸೈಕಲ್ ಸಾಗಿಸಬೇಕಾಗಿ ಬಂದರೆ ಅದೂ ಅಲ್ಲಿಗೇ ಏರಿ, ಸೀಳಿದ ಹಳೆಯ ಟ್ಯೂಬಿನ ರಬ್ಬರಿನಲ್ಲಿ ಬಿಗಿಸಿಕೊಳ್ಳುತ್ತದೆ.

ಹಿಂಬದಿಗೆ ಸಿಕ್ಕಿಸುವ ಕ್ಯಾರಿಯರ್ ಈ ಹಳೆಯ ಪದ್ಧತಿಗಿಂತ ಮೇಲೆಂದು ಮಾರುವವರು ಹೇಳುತ್ತಾರೆ. ಆ ಮಾತಿನಲ್ಲಿ ಹುರುಳಿದೆ. ಸೈಕಲ್ಲನ್ನು ತಲೆಯ ಎತ್ತರಕ್ಕೆ ಎತ್ತಬೇಕಿಲ್ಲ, ತಗ್ಗಿದ ಮರದ ಕೊಂಬೆಗೆ ಹೆದರಬೇಕಿಲ್ಲ. ಕಾರಿನ ಬೆನ್ನ ಹಿಂದೆ ಗಾಳಿಯ ಹೊಡೆತ ಕಡಿಮೆಯಾದ್ದರಿಂದ ಮೇಲೆ ಹೊತ್ತಾಗ ಸುಡುವಷ್ಟು ಪೆಟ್ರೋಲ್ ಸುಡುವುದಿಲ್ಲ. ಆದರೆ ಈ ಸಾಧನ ರೂಪುಗೊಂಡದ್ದು ಬೇರೆ ರಸ್ತೆಗಳಿಗೆ, ಬೇರೆ ಸೈಕಲ್ಲುಗಳಿಗೆ. ಕೊಳ್ಳೇಗಾಲ, ಹನೂರು, ಯಳಂದೂರಿನ ಮನೆಯೊಂದು ಅದನ್ನು ಕೊಳ್ಳುವುದಾದರೆ ಬೆಲೆಯ ಚೀಟಿಗಿಂತ ಮೊದಲು ತನ್ನ ಸೈಕಲ್ಲನ್ನೇ ನೋಡಬೇಕು.

ಹಿಂಬದಿ ಕ್ಯಾರಿಯರ್‌ಗಳಲ್ಲಿ ಮೂರು ಬಗೆ. ಅಗ್ಗವಾದದ್ದು, ಹೆಚ್ಚು ಮಾರಾಟವಾಗುವುದು ಬೆಲ್ಟಿನದು. ಡಿಕ್ಕಿ ಬಾಗಿಲಿನ ಅಂಚಿಗೆ ಕೊಕ್ಕೆ ಸಿಕ್ಕಿಸಿ, ಮೇಲೆ, ಕೆಳಗೆ, ಪಕ್ಕಕ್ಕೆ ಬೆಲ್ಟುಗಳನ್ನು ಎಳೆದು ಬಿಗಿಯುವುದು ಅದರ ಕ್ರಮ. ಹೊರಚಾಚಿದ ಎರಡು ತೋಳುಗಳ ಮೇಲೆ ಸೈಕಲ್ ತೂಗುತ್ತದೆ. ಎರಡನೆಯದು ಸ್ಟೆಪ್ನಿಯನ್ನು ಆಧರಿಸಿದ್ದು. ಬೊಲೆರೊದಂತೆ ಹಿಂಬಾಗಿಲಿನ ಮೇಲೇ ಸ್ಟೆಪ್ನಿ ಹೊತ್ತ ಗಾಡಿಗಳಿಗೆ ಮಾತ್ರ ಅದು ಹೊಂದುತ್ತದೆ. ಮೂರನೆಯದು ಚಾಸಿಗೆ ಬೋಲ್ಟ್ ಮಾಡಿದ ಎಳೆಕೊಂಡಿಯ ಮೇಲೆ ಕೂರುವ ತಟ್ಟೆ. ಅಲ್ಲಿ ಸೈಕಲ್ ತೂಗಾಡುವುದಿಲ್ಲ, ತನ್ನ ಚಕ್ರಗಳ ಮೇಲೆ ತಾನೇ ನಿಲ್ಲುತ್ತದೆ. ನಮ್ಮ ಸಾಮಾನ್ಯ ಕುಟುಂಬದ ಕಾರುಗಳಿಗೆ ಕಾರ್ಖಾನೆಯಿಂದ ಆ ಕೊಂಡಿ ಬರುವುದಿಲ್ಲ. ಹಾಗಾಗಿ ಹೆಚ್ಚಿನವರ ಮುಂದಿರುವ ಆಯ್ಕೆ ಬೆಲ್ಟಿನದೇ.

ಬೆಲ್ಟಿನ ಕ್ಯಾರಿಯರ್ ಮೊದಲು ಎಡವುವುದು ಬಾರಿನಲ್ಲಿ. ಅದರ ಎರಡು ತೋಳುಗಳು ಹಿಡಿಯುವುದು ಸೀಟಿನಿಂದ ಹ್ಯಾಂಡಲ್‌ವರೆಗೆ ನೇರವಾಗಿ ಹಾಯುವ ಮೇಲಿನ ಬಾರನ್ನು. ಆದರೆ ಇಲ್ಲಿನ ಮನೆಗಳ ಜಗಲಿಯಲ್ಲಿ ನಿಂತಿರುವ ಸೈಕಲ್ಲುಗಳು ಯಾವುವು? 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಊರೂರಿನ ಹೆಣ್ಣುಮಕ್ಕಳು ಪೆಡಲ್ ತುಳಿದು ಹೈಸ್ಕೂಲಿಗೆ ಹೋಗುವಂತಾಗುವಲ್ಲಿ ಆ ಯೋಜನೆಯ ಪಾಲು ದೊಡ್ಡದು. ಹುಡುಗಿಯರಿಗೆ ಸಿಕ್ಕಿದ್ದು ಬಾರ್ ಇಲ್ಲದ ಸೈಕಲ್. ಅಂಗಡಿಯಲ್ಲಿ ಕೊಳ್ಳುವ ಲೇಡಿಬರ್ಡ್ ಕೂಡ ಅದೇ ಜಾತಿಯದು. ಇದನ್ನು ಬೆಲ್ಟಿನ ಕ್ಯಾರಿಯರ್‌ಗೆ ಏರಿಸಿದರೆ ಓರೆಯಾಗಿ ನೇತಾಡುತ್ತದೆ, ಒಂದು ಚಕ್ರ ನೆಲಕ್ಕಿಳಿಯುತ್ತದೆ, ಸೈಲೆನ್ಸರ್ ಬಾಯಿಯ ಹತ್ತಿರ ಬಂದರೆ ಟೈರ್ ಬೆಂದುಹೋಗುತ್ತದೆ. ಸೀಟಿನ ಕೋಲಿಗೂ ಹ್ಯಾಂಡಲ್ಲಿನ ಕತ್ತಿಗೂ ನಡುವೆ ಸಿಕ್ಕಿಸುವ ಅಡ್ಡ ಕೋಲೊಂದು ಪ್ರತ್ಯೇಕವಾಗಿ ಸಿಗುತ್ತದೆ. ಹಗುರ ಸೈಕಲ್ಲಿಗೆ ಅದು ಸರಿಯೇ.

ಇಲ್ಲಿನ ಸೈಕಲ್ ಹಗುರವೂ ಅಲ್ಲ. ಬೆಲ್ಟಿನ ಕ್ಯಾರಿಯರ್‌ಗಳ ಮೇಲೆ ಸಾಮಾನ್ಯವಾಗಿ ನಮೂದಾಗಿರುವ ಮಿತಿ ಸೈಕಲ್ಲೊಂದಕ್ಕೆ 15 ಕೆ.ಜಿ.ಯ ಆಸುಪಾಸು. ಉಕ್ಕಿನ ಚೌಕಟ್ಟು, ಚೈನ್ ಕವರ್, ಸ್ಟ್ಯಾಂಡ್, ಬುಟ್ಟಿ ಎಲ್ಲ ಸೇರಿದ ನಮ್ಮ ಸೈಕಲ್ ಆ ಗೆರೆಯನ್ನು ಸುಲಭವಾಗಿ ದಾಟುತ್ತದೆ. ಪೆಟ್ಟಿಗೆಯ ಮೇಲೆ 'ಮೂರು ಸೈಕಲ್' ಎಂದು ಅಚ್ಚಾಗಿದ್ದರೆ ಅದನ್ನು ಅಲ್ಯೂಮಿನಿಯಂ ಚೌಕಟ್ಟಿನ, ನೇರ ಬಾರಿನ ಮೂರು ಸೈಕಲ್ ಎಂದು ಓದಿಕೊಳ್ಳಬೇಕು. ಮನೆಯ ಮಗಳ ಸೈಕಲ್ಲನ್ನು ಲೆಕ್ಕದಿಂದ ಹೊರಗಿಟ್ಟ ಸಾಧನವನ್ನು ಕುಟುಂಬದ ಸಾಧನ ಎಂದು ಮಾರುವುದು ಸರಿಯಲ್ಲ.

ಇನ್ನು ಅಗಲದ ಲೆಕ್ಕ. 26 ಇಂಚಿನ ಚಕ್ರದ ಸೈಕಲ್ ಸುಮಾರು 170 ಸೆಂ.ಮೀ. ಉದ್ದ, 29 ಇಂಚಿನದು 180 ದಾಟುತ್ತದೆ. ಆಲ್ಟೊ ಕಾರಿನ ಅಗಲ 149 ಸೆಂ.ಮೀ. ಅಂದರೆ 26 ಇಂಚಿನ ಸೈಕಲ್ ಅಡ್ಡಲಾಗಿ ತೂಗಿದಾಗ ಎರಡೂ ಬದಿಗೆ ಹತ್ತತ್ತು ಸೆಂ.ಮೀ., 29 ಇಂಚಿನದಾದರೆ ಹದಿನೈದಕ್ಕೂ ಮೇಲೆ ಹೊರಗೆ ಚಾಚುತ್ತದೆ. ವ್ಯಾಗನ್ ಆರ್ 162, ಸ್ವಿಫ್ಟ್ 173, ಬೊಲೆರೊ 174 ಸೆಂ.ಮೀ. ಇರುವುದರಿಂದ ಅವುಗಳಲ್ಲಿ ಇಷ್ಟು ತೊಂದರೆಯಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಎರಡೂ ಬದಿಗೆ ಹರಡಿಕೊಂಡು ಎದುರಾಗುವ ರಸ್ತೆಯಲ್ಲಿ ಆಲ್ಟೊ ಓಡಿಸುವವರು ಈ ಹತ್ತು ಹದಿನೈದು ಸೆಂ.ಮೀ.ಯನ್ನು ಮರೆತರೆ ಚಕ್ರದ ರಿಮ್ ಹೋಯಿತೆಂದೇ ಲೆಕ್ಕ.

ರಸ್ತೆಯ ವಿಷಯಕ್ಕೆ ಬಂದರೆ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳು ಯಾವ ಕ್ಯಾರಿಯರ್‌ಗೂ ಕಠಿಣ ಪರೀಕ್ಷೆಯೇ. ಪ್ರತಿ ಊರಿನ ಬಾಗಿಲಲ್ಲೂ ಹಂಪು. ಹಿಂಚಕ್ರ ಹಂಪಿನಿಂದ ಇಳಿದಾಗಲೆಲ್ಲ ಕಾರಿನ ಬಾಲಕ್ಕೆ ಕಟ್ಟಿದ ಭಾರ ಜಗ್ಗುತ್ತದೆ. ಒಂದೊಂದು ಜಗ್ಗಿಗೂ ಬೆಲ್ಟ್ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಸುಗ್ಗಿಯ ಕಾಲದಲ್ಲಿ ಇನ್ನೊಂದು ಸಂಕಟ: ರೈತರು ಹುರುಳಿಯನ್ನು ಡಾಂಬರು ರಸ್ತೆಯ ಮೇಲೇ ಒಕ್ಕಣೆಗೆ ಹರಡಿರುತ್ತಾರೆ. ಹುರುಳಿ ಬಳ್ಳಿ ಕಾರಿನಡಿಯ ಬಿಸಿ ಸೈಲೆನ್ಸರ್‌ಗೆ ಸುತ್ತಿಕೊಂಡರೆ ಬೆಂಕಿಯ ಅಪಾಯ ಇದ್ದೇ ಇದೆ. ತಗ್ಗಿ ತೂಗುವ ಸೈಕಲ್ ಚಕ್ರ ಅದೇ ಬಳ್ಳಿಯನ್ನು ತನ್ನ ಕಡ್ಡಿಗಳ ನಡುವೆ ಸೆಳೆದುಕೊಳ್ಳುತ್ತದೆ. ಆದ್ದರಿಂದ ಸೈಕಲ್ಲಿನ ಎರಡೂ ಚಕ್ರಗಳನ್ನು ಚೌಕಟ್ಟಿಗೆ ಕಟ್ಟಿ ತಿರುಗದಂತೆ ಮಾಡಬೇಕು, ಬಂಪರಿಗಿಂತ ಮೇಲಿರುವಂತೆ ತೂಗಿಸಬೇಕು.

ಘಟ್ಟದ ಕಥೆ ಬೇರೆ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿ ಗುಂಬಳ್ಳಿಯ ಚೆಕ್‌ಪೋಸ್ಟ್ ದಾಟಿ ಕಾಡು ಹೊಗುತ್ತದೆ. 2011ರಿಂದ ಅದು ಹುಲಿ ರಕ್ಷಿತಾರಣ್ಯ. ಕಾಡಿನೊಳಗೆ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ಸೈಕಲ್ ತುಳಿಯುವ ಸುಖ ಏನಿದ್ದರೂ ಕಾಡಿನ ಹೊರಗೆ, ಸುವರ್ಣಾವತಿಯ ಬಯಲಿನ ಗದ್ದೆ ದಾರಿಗಳಲ್ಲಿ, ಇಲ್ಲವೇ ಹನೂರಿನ ಆಚೆ ಒಡೆಯರಪಾಳ್ಯದ ಟಿಬೆಟನ್ ನೆಲೆಯ ಸುತ್ತ. ಕಾಡಿನ ನಡುವೆ ಬೆಲ್ಟ್ ಸಡಿಲವಾಗಿ ಸೈಕಲ್ ಬಡಿದಾಡತೊಡಗಿದರೆ ಇಳಿದು ಬಿಗಿಯಲು ಕಾನೂನೂ ಬಿಡದು, ಆನೆಯೂ ಬಿಡದು. ಹಗ್ಗಕ್ಕೆ ಒಗ್ಗಿಕೊಂಡ ಕೈಗಳಿಗೆ ಬೆಲ್ಟಿನ ಬಕ್ಕಲ್ ಹೊಸದು ಎಂಬುದನ್ನೂ ಮರೆಯಬಾರದು. ಹಗ್ಗದ ಗಂಟು ಜಾರುವ ಮುನ್ನ ಕಣ್ಣಿಗೆ ಕಾಣುತ್ತದೆ, ಬಕ್ಕಲ್ ಸದ್ದಿಲ್ಲದೆ ಜಾರುತ್ತದೆ.

ಹೆಚ್ಚಿನವರು ಯೋಚಿಸದೇ ಬಿಡುವ ಸಂಗತಿ ನಂಬರ್ ಪ್ಲೇಟ್. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಅದು ಸ್ಪಷ್ಟವಾಗಿ ಕಾಣುತ್ತಿರಬೇಕು. ಯುರೋಪಿನ ಹಲವು ದೇಶಗಳಲ್ಲಿ ಸೈಕಲ್ ಪ್ಲೇಟನ್ನು ಮುಚ್ಚಿದರೆ ಕ್ಯಾರಿಯರ್‌ಗೇ ಇನ್ನೊಂದು ಪ್ಲೇಟ್, ದೀಪದ ಪಟ್ಟಿ ಕಟ್ಟುವ ವ್ಯವಸ್ಥೆಯಿದೆ. ನಮ್ಮಲ್ಲಿ 2019ರ ಏಪ್ರಿಲ್ 1ರಿಂದ ಹೊಸ ವಾಹನಗಳಿಗೆ ಅತಿ ಸುರಕ್ಷಿತ ಪ್ಲೇಟ್ ಕಡ್ಡಾಯ. ಹಳೆಯವುಗಳಿಗೂ ಅದನ್ನು ಹಾಕಿಸಬೇಕೆಂದು ಕರ್ನಾಟಕ 2023ರಲ್ಲಿ ಆದೇಶಿಸಿತು. ಒಮ್ಮೆ ಬಿಗಿದರೆ ಮುರಿಯದೆ ಬಿಚ್ಚಲಾಗದ ಆ ಪ್ಲೇಟನ್ನು ಕ್ಯಾರಿಯರ್‌ಗೆ ವರ್ಗಾಯಿಸುವ ಮಾತೇ ಇಲ್ಲ. ಉಳಿದ ದಾರಿ ಒಂದೇ: ಪ್ಲೇಟೂ, ಹಿಂದೀಪಗಳೂ, ಇಂಡಿಕೇಟರೂ ಮುಚ್ಚದಷ್ಟು ಎತ್ತರಕ್ಕೆ ಸೈಕಲ್ ತೂಗುವ ಕ್ಯಾರಿಯರನ್ನೇ ಆರಿಸುವುದು. ಬೆಟ್ಟದ ಮಂಜಿನಲ್ಲಿ ಹಿಂದೆ ಬರುವ ಲಾರಿಗೆ ಬ್ರೇಕ್ ದೀಪ ಕಾಣದಿದ್ದರೆ ಆಗುವ ಅನಾಹುತ ದಂಡದ ರಸೀದಿಯಲ್ಲಿ ಮುಗಿಯುವುದಿಲ್ಲ.

ಒಳ್ಳೆಯ ಮಾದರಿಗಳು ಇಲ್ಲವೆಂದಲ್ಲ. 1942ರಲ್ಲಿ ಶುರುವಾದ ಸ್ವೀಡನ್ನಿನ ಥೂಲೆ ಕಂಪನಿ ಯಾವ ಕಾರಿಗೆ ಯಾವ ಕ್ಯಾರಿಯರ್ ಹೊಂದುತ್ತದೆ, ಯಾವುದು ಹೊಂದದು ಎಂದು ಕಾರುವಾರು ಪಟ್ಟಿ ಕೊಡುತ್ತದೆ. ಕೊಳ್ಳುವವರನ್ನು ಗೌರವಿಸುವ ಕ್ರಮವಿದು. ಅಮೆರಿಕದ ಸ್ಯಾರಿಸ್ ಬೋನ್ಸ್ ಕ್ಯಾರಿಯರ್‌ನ ಕಮಾನಿನಂಥ ಕಾಲುಗಳು ಡಿಕ್ಕಿಯ ಮೇಲಿನ ಸ್ಪಾಯ್ಲರನ್ನು ಮುಟ್ಟದೆ ದಾಟಿ ಕೂರುತ್ತವೆ. ಇಂಥ ಯಾವ ಮಾಹಿತಿಯೂ ಇಲ್ಲದೆ 'ಎಲ್ಲ ಕಾರಿಗೂ ಆಗುತ್ತದೆ' ಎಂಬ ಒಂದೇ ಸಾಲಿನೊಂದಿಗೆ ಬರುವ ಅಗ್ಗದ ಸರಕನ್ನು ನಂಬಬಾರದು. ಕೊಕ್ಕೆ ಸಿಕ್ಕಬೇಕಾದದ್ದು ಲೋಹದ ಅಂಚಿಗೆ. ಗಾಜಿನ ಅಂಚಿಗೋ ಪ್ಲಾಸ್ಟಿಕ್ ಸ್ಪಾಯ್ಲರಿಗೋ ಸಿಕ್ಕಿಸಿದರೆ ಮೊದಲ ಹಂಪಿನಲ್ಲೇ ಬಿರುಕು ಕಾಣಬಹುದು.

ಬೆಲ್ಟಿನ ಕ್ಯಾರಿಯರ್‌ನ ಇನ್ನೊಂದು ಕೊರತೆ ಈ ಸೀಮೆಯ ಪ್ರಯಾಣದ ರೀತಿಗೇ ವಿರುದ್ಧವಾದದ್ದು. ಸೈಕಲ್ ಏರಿಸಿದ ಮೇಲೆ ಡಿಕ್ಕಿ ತೆಗೆಯುವಂತಿಲ್ಲ. ಮಾದಪ್ಪನ ಬೆಟ್ಟಕ್ಕೆ ಹೋಗುವವರಿಗೆ ದಾರಿಯುದ್ದಕ್ಕೂ ಬುತ್ತಿ ಬೇಕು, ನೀರು ಬೇಕು, ಪೂಜೆ ಸಾಮಾನು ಬೇಕು. ಪ್ರತಿ ಸಲವೂ ಸೈಕಲ್ ಇಳಿಸಿ ಏರಿಸುವುದು ಆಗುವ ಮಾತಲ್ಲ.

ಇಷ್ಟನ್ನೂ ತೂಗಿದ ಮೇಲೆ ತೀರ್ಪು ಹೀಗೆ. ಸ್ವಿಫ್ಟಿನ ಅಳತೆಯ ಕಾರು, ಬಾರ್ ಇರುವ ಹಗುರವಾದ ಎರಡು ಸೈಕಲ್, ಕಡಿಮೆ ಸಾಮಾನು: ಇಂಥವರಿಗೆ ಬೆಲ್ಟಿನ ಕ್ಯಾರಿಯರ್ ತಕ್ಕದ್ದು. ಬೊಲೆರೊ ಇದ್ದವರು ಸ್ಟೆಪ್ನಿಯದನ್ನೇ ಆರಿಸಲಿ. ಹಿಂಬಾಗಿಲಿನ ಕೀಲುಗಳು ಗಟ್ಟಿ ಇವೆಯೇ ಎಂದು ಗ್ಯಾರೇಜಿನಲ್ಲಿ ಮೊದಲೇ ತೋರಿಸಿಕೊಂಡರೆ ಸಾಕು. ಮನೆಯಲ್ಲಿರುವುದು ಬಾರ್ ಇಲ್ಲದ ಉಕ್ಕಿನ ಸೈಕಲ್ ಆದರೆ, ಎಳೆಕೊಂಡಿಯ ತಟ್ಟೆ ಹಾಕಿಸುವ ಅನುಕೂಲವೂ ಇಲ್ಲದಿದ್ದರೆ, ತಲೆಯ ಮೇಲಿನ ಹಳೆಯ ಕ್ಯಾರಿಯರೇ ಇವತ್ತಿಗೂ ಹೆಚ್ಚು ಸುರಕ್ಷಿತ.

ಕೊಂಡವರು ಮೊದಲ ಸಲ ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟಕ್ಕೆ ಹೊರಟಾಗ ಊರು ದಾಟಿದ ಕೂಡಲೇ ಒಮ್ಮೆ ನಿಲ್ಲಿಸಿ ಬೆಲ್ಟುಗಳನ್ನು ಎಳೆದು ನೋಡಲಿ. ಸುಮಾರು 25 ಕಿ.ಮೀ. ದೂರದ ಹನೂರಿನಲ್ಲಿ ಟೀ ಕುಡಿಯಲು ಇಳಿದಾಗ ಮತ್ತೊಮ್ಮೆ ನೋಡಲಿ. ಅಷ್ಟರಲ್ಲಿ ಹತ್ತಾರು ಹಂಪುಗಳು ಕಳೆದಿರುತ್ತವೆ, ಘಟ್ಟದ ತಿರುವುಗಳು ಇನ್ನೂ ಮುಂದಿರುತ್ತವೆ.