ಎರೆಹೊಲದ ನಷ್ಟ, ತೊಟ್ಟಿಯ ಲಾಭ

ನಮ್ಮ ಶಿರಗುಪ್ಪಿಯ ಎರೆಹೊಲಗಳಲ್ಲಿ ಮಳೆ ಬಿಡದೆ ಹಿಡಿದು ನೀರು ನಿಂತಾಗ, ಗಾಳಿ ಸುಳಿಯದ ಆ ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ನೈಟ್ರೇಟಿನಿಂದಲೇ ಪ್ರಾಣವಾಯುವನ್ನು ಸೆಳೆದುಕೊಂಡು ಸಾರಜನಕವನ್ನು ಬಯಲಿಗೆ ಬಿಟ್ಟುಬಿಡುವುದರಿಂದ, ಯೂರಿಯಾ ಚೆಲ್ಲಿದ ರೈತನು ಹಳದಿಗಟ್ಟಿದ ಪೈರನ್ನು ಕಂಡು ನಿಟ್ಟುಸಿರಿಡುತ್ತಾನೆ. ಅವನ ಆ ನಷ್ಟವನ್ನೇ, ಪಡಸಾಲೆಯಲ್ಲಿ 200 ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡಿರುವ ನಾನು ಹಂಬಲಿಸಿ ಬೇಡುತ್ತೇನೆ.

ಮೀನಿನ ಮಲವೂ ತಿಂದುಳಿದ ಆಹಾರವೂ ಕೊಳೆತು ಅಮೋನಿಯವಾಗಿ, ಅಮೋನಿಯವು ನೈಟ್ರೈಟಾಗಿ, ಕಡೆಗೆ ನೈಟ್ರೇಟಾಗಿ ನಿಲ್ಲುತ್ತದೆ. ಮೊದಲೆರಡು ಉಗ್ರವಿಷಗಳು, ಮೂರನೆಯದು ಸೌಮ್ಯವಾದುದರಿಂದಲೇ ಉಪೇಕ್ಷೆಗೆ ಗುರಿಯಾಗುತ್ತದೆ. ಹವಳದ ದಿಬ್ಬಗಳ ತಿಳಿಗಡಲಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನಷ್ಟೂ ಇರದ ಈ ವಸ್ತು ನನ್ನ ತೊಟ್ಟಿಯಲ್ಲಿ ಒಮ್ಮೆ 80ಕ್ಕೆ ಏರಿತ್ತು.

ಆಹಾರವನ್ನು ಅರೆಪಾಲಿಗೆ ಇಳಿಸಿದರೂ ಅದು ಇಳಿಯಲಿಲ್ಲ. ದೋಷವು ನಾನು ದಿನವೂ ಸುರಿಯುತ್ತಿದ್ದ ಕೊಳವೆಬಾವಿಯ ನೀರಿನಲ್ಲಿತ್ತು. ಬೇಸಗೆಯಲ್ಲಿ ಆವಿಯಾಗುವುದು ನೀರು ಮಾತ್ರ. ಉಪ್ಪೂ ನೈಟ್ರೇಟೂ ಹಿಂದುಳಿಯುತ್ತವೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕವು ವಿಧಿಸಿದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಆ ಮಿತಿಯೊಳಗಿನದೇ ಆದ, 40 ಮಿಲಿಗ್ರಾಮಿನ ನೀರನ್ನು ನಿತ್ಯ 3 ಲೀಟರಿನಂತೆ ತುಂಬುತ್ತ ಹೋದರೆ, ತಿಂಗಳಿಗೆ 3,600 ಮಿಲಿಗ್ರಾಂ ಸೇರಿ, ಮೀನುಗಳು ಉಪವಾಸವಿದ್ದರೂ 200 ಲೀಟರಿನ ತೊಟ್ಟಿಯ ಮಟ್ಟವು 18ರಷ್ಟು ಏರತಕ್ಕದ್ದೇ! ಕುದಿಸಿದರೆ ನೈಟ್ರೇಟು ಹೋಗದು, ಇನ್ನಷ್ಟು ಸಾಂದ್ರವಾಗುವುದು. ಅಂಥ ನೀರಿನಿಂದ ಎಷ್ಟು ಸಲ ತೊಟ್ಟಿಯ ನೀರನ್ನು ಬದಲಿಸಿದರೂ 40ರ ಕೆಳಗೆ ಇಳಿಯುವ ಆಸೆಯಿಲ್ಲ.

ಆದುದರಿಂದ ಆರ್‌ಒ ಯಂತ್ರದಲ್ಲಿ ಹಾಯ್ದ ನೀರನ್ನೇ, ಅದನ್ನೂ ಪರೀಕ್ಷಿಸಿದ ಮೇಲೆ, ಬಳಸುವುದು ಮೊದಲ ಕರ್ತವ್ಯ. ಆವಿಯಾದುದಕ್ಕೆ ಬರಿಯ ನೀರು. ಬದಲಿಸುವುದಕ್ಕೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರಲವಣ ಬೆರೆಸಿದ ನೀರು. ವಾರಕ್ಕೆ ಐದರಲ್ಲೊಂದು ಪಾಲನ್ನು ಬದಲಿಸುತ್ತ ನಾಲ್ಕು ವಾರ ಕಳೆದರೆ, ಹೊಸದಾಗಿ ಸೇರುವುದನ್ನು ಬಿಟ್ಟು ಲೆಕ್ಕಹಾಕಿದಲ್ಲಿ, 80 ಇದ್ದುದು 33ರ ಹತ್ತಿರಕ್ಕೆ ಬರುವುದು. ಒಂದೇ ದಿನದಲ್ಲಿ ಎಲ್ಲವನ್ನೂ ಬದಲಿಸುವ ಆತುರವನ್ನು ನಾನು ಒಪ್ಪಲಾರೆ; ಹಳೆಯ ನೀರಿಗೆ ಒಗ್ಗಿದ ಮೀನು ಆ ಆಘಾತವನ್ನು ತಾಳದು.

ಉಳಿದ ಕಾರ್ಯವನ್ನು ಎರೆಹೊಲದ ನ್ಯಾಯವೇ ನಡೆಯಿಸಬೇಕು. ಸಣ್ಣ ಮರಳನ್ನು ನಾಲ್ಕಾರು ಅಂಗುಲ ದಪ್ಪಕ್ಕೆ ಹಾಸಿ ಕೆದಕದೆ ಬಿಟ್ಟರೆ, ಅದರ ಆಳದ ಉಸಿರುಗಟ್ಟಿದ ಪದರದಲ್ಲಿ ಅದೇ ಬಗೆಯ ಜೀವಿಗಳು ನೆಲೆಗೊಂಡು ನೈಟ್ರೇಟನ್ನು ಗಾಳಿಯಾಗಿಸುತ್ತವೆ. ಅವು ನೆಲೆಗೊಳ್ಳಲು ತಿಂಗಳುಗಳೇ ಬೇಕು. ರಂಧ್ರಮಯವಾದ ಕಲ್ಲೂ ಈ ಉಪಕಾರವನ್ನು ಮಾಡುವುದು. ಆದರೆ ಮುರುಡೇಶ್ವರದಾಚೆಯ ನೇತ್ರಾಣಿಯಂಥ ದ್ವೀಪಗಳ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ, ಹವಳಗಲ್ಲನ್ನು ಬಯಸದೆ ಸರಂಧ್ರ ಸಿರಾಮಿಕ್ ತುಂಡುಗಳಿಂದಲೇ ತೃಪ್ತರಾಗತಕ್ಕದ್ದು. ನೊರೆಯೊಡನೆ ಕೊಳೆಯನ್ನು ಎತ್ತಿಹಾಕುವ ಸ್ಕಿಮ್ಮರ್ ಉತ್ತಮ ಸಹಾಯಕ. ವಿನೆಗರ್ ಹನಿಸಿ ಬ್ಯಾಕ್ಟೀರಿಯಗಳನ್ನು ಬೆಳೆಸುವ ಉಪಾಯವೂ ಉಂಟು. ಅಳತೆ ತಪ್ಪಿದರೆ ಅವು ನೀರಿನ ಪ್ರಾಣವಾಯುವನ್ನೇ ಹೀರಿಬಿಡುವುದರಿಂದ ನಾನು ಅದನ್ನು ಹೊಸಬರಿಗೆ ಹೇಳುವುದಿಲ್ಲ.

ನನಗೆ ಅತ್ಯಂತ ಪ್ರಿಯವಾದುದು ಕೀಟೋಮಾರ್ಫಾ ಎಂಬ ಹಸುರು ಪಾಚಿ. ಪಕ್ಕದ ಚಿಕ್ಕ ತೊಟ್ಟಿಯಲ್ಲಿ ದೀಪದ ಬೆಳಕಿನಲ್ಲಿ ಅದು ನೈಟ್ರೇಟನ್ನು ಉಂಡು ದಿಂಡುಗಟ್ಟುತ್ತದೆ. ಬದಲಿಸಿ ತೆಗೆದ ಉಪ್ಪುನೀರನ್ನು ಎರೆಮಣ್ಣಿಗೆ ಚೆಲ್ಲುವುದು ಸಲ್ಲದು. ಈ ಪಾಚಿಯನ್ನಾದರೋ, ಆಗಾಗ ಒಂದು ಹಿಡಿ ಕೊಯ್ದು, ಉಪ್ಪು ಬಿಡುವಂತೆ ಸಿಹಿನೀರಿನಲ್ಲಿ ತೊಳೆದು, ಹಿತ್ತಿಲ ತಿಪ್ಪೆಗೆ ಹಾಕುತ್ತೇನೆ. ಬೇಸಗೆಯಲ್ಲಿ ಆ ತಿಪ್ಪೆ ಬಂಡಿಯೇರಿ ಹೊಲಕ್ಕೆ ಹೋಗುತ್ತದೆ.