ಹತ್ತನೇ ಅಧ್ಯಾಯದಲ್ಲಿ ಕುಂಟುವ ಪರಿವಿಡಿ

ಒಂಬತ್ತನೇ ಅಧ್ಯಾಯದವರೆಗೆ ಎಲ್ಲವೂ ನೆಟ್ಟಗಿರುತ್ತದೆ. ಅಂಕಿಯ ಕೆಳಗೆ ಅಂಕಿ, ಶೀರ್ಷಿಕೆಯ ಕೆಳಗೆ ಶೀರ್ಷಿಕೆ, ಬಲಗಡೆ ಪುಟಸಂಖ್ಯೆ. ಹತ್ತು ಬಂತೆಂದರೆ ಶೀರ್ಷಿಕೆ ಅರ್ಧ ಅಕ್ಷರದಷ್ಟು ಬಲಕ್ಕೆ ಸರಿಯುತ್ತದೆ. 10.1ಕ್ಕೆ ಇನ್ನಷ್ಟು ಸರಿಯುತ್ತದೆ. 10.10ಕ್ಕೆ ಬರುವ ಹೊತ್ತಿಗೆ ಅಂಕಿಯೂ ಶೀರ್ಷಿಕೆಯೂ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನಮ್ಮ ಭಾಗದಲ್ಲಿ ಅಚ್ಚಾಗುವ ಸ್ಮರಣ ಸಂಚಿಕೆ, ಅಭಿನಂದನ ಗ್ರಂಥ, ಪಿಎಚ್.ಡಿ. ಪ್ರಬಂಧಗಳ ಪರಿವಿಡಿಯಲ್ಲಿ ಈ ಕುಂಟು ನಡಿಗೆಯನ್ನು ನಾನು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದ್ದೇನೆ. ಮುಖಪುಟಕ್ಕೆ ನಾಲ್ಕು ಬಣ್ಣ, ಒಳಗೆ ಒಳ್ಳೆಯ ಕಾಗದ. ಓದುಗ ಮೊದಲು ತೆರೆಯುವ ಪುಟಕ್ಕೆ ಮಾತ್ರ ಯಾರ ಕಣ್ಣೂ ಬಿದ್ದಿರುವುದಿಲ್ಲ.

ಸಿಂಧನೂರು, ಲಿಂಗಸೂಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಇತಿಹಾಸದ ಪುಸ್ತಕವೊಂದರ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಾಗ ಈ ವಿಷಯ ಕಾಡತೊಡಗಿತು. ಹನ್ನೆರಡು ಅಧ್ಯಾಯಗಳ ಪುಸ್ತಕ. ಈ ನೆಲದ ಬಗ್ಗೆ ಬರೆಯಲು ಕೂತರೆ ಉಪಶೀರ್ಷಿಕೆಗಳು ತಾವಾಗಿಯೇ ಹೆಚ್ಚುತ್ತವೆ. ಮಸ್ಕಿಯೊಂದಕ್ಕೇ ಎಷ್ಟು ಬೇಕು! 1915ರಲ್ಲಿ ಚಿನ್ನ ಹುಡುಕಲು ಬಂದ ಬೀಡನ್ ಎಂಬ ಎಂಜಿನಿಯರ್‌ಗೆ ಬೆಟ್ಟದ ಬಂಡೆಯ ಮೇಲೆ ಸಿಕ್ಕ ಶಾಸನ, ಅದರಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೇ ಇದ್ದದ್ದು, ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಹೈದರಾಬಾದಿನ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದ್ದು, 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನ. ಲಿಂಗಸೂಗೂರಿಗೆ ಬಂದರೆ ಆಲ್ಚಿನ್ ಅಗೆದ ಪಿಕ್ಲಿಹಾಳದ ನವಶಿಲಾಯುಗದ ನೆಲೆ, ಮುದಗಲ್ಲಿನ ಕೋಟೆ, ಹಟ್ಟಿಯ ಚಿನ್ನದ ಗಣಿ. ಸಿಂಧನೂರಿನಲ್ಲಿ ತುಂಗಭದ್ರಾ ಎಡದಂಡೆ ನಾಲೆ, ಭತ್ತ, ಆಂಧ್ರದಿಂದ ಬಂದವರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು. ನಾಲೆಯ ಅಧ್ಯಾಯ ಹತ್ತನೆಯದು. ಅದರೊಳಗೆ ಹನ್ನೆರಡು ಭಾಗ. ಹೀಗಾಗಿ ಪರಿವಿಡಿ ಕುಂಟಲೇಬೇಕಾದ ಜಾಗಕ್ಕೇ ಬಂದು ನಿಂತಿದ್ದೆವು.

ಪುಸ್ತಕವನ್ನು ಜೋಡಿಸಿದ್ದು ಊರಿನ ಒಂದು ಡಿಟಿಪಿ ಅಂಗಡಿಯಲ್ಲಿ. ಪ್ರೂಫ್ ನೋಡಿ ನಾನು ಕೇಳಿದಾಗ ಅಲ್ಲಿನ ಹುಡುಗ, "ಸ್ಪೇಸ್ ಕೊಟ್ಟು ಸರಿ ಮಾಡೀನಿ ಸರ್, ಪ್ರಿಂಟಿನ್ಯಾಗ ಬರೋಬರ್ ಬರ್ತದ" ಎಂದ. ಅವನು ಸುಳ್ಳು ಹೇಳಲಿಲ್ಲ. ನುಡಿ ಫಾಂಟಿನಲ್ಲಿ, ಅವನ ಪರದೆಯ ಮೇಲೆ, ಒಂದೊಂದೇ ಸಾಲಿಗೆ ಸ್ಪೇಸ್ ಬಾರ್ ಒತ್ತಿ ಒತ್ತಿ ಹೆಚ್ಚುಕಡಿಮೆ ಹೊಂದಿಸಿದ್ದ. ಎರಡು ತಿಂಗಳ ನಂತರ ಅದೇ ಕಡತವನ್ನು ಯೂನಿಕೋಡಿಗೆ ಬದಲಿಸಿದೆವು. ಹಳೆಯ ಫಾಂಟಿನ ಸ್ಪೇಸಿನ ಅಗಲವೇ ಬೇರೆ, ಹೊಸದರ ಅಗಲವೇ ಬೇರೆ. ಹೊಂದಿಸಿದ್ದೆಲ್ಲ ಒಂದೇ ಏಟಿಗೆ ಚದುರಿತು. ಅವನ ಅರ್ಧ ದಿನದ ಶ್ರಮ ವ್ಯರ್ಥವಾಯಿತು. ಪದ್ಧತಿ ತಪ್ಪಾದಾಗ ದುಡಿದವನ ಶ್ರಮವೂ ಉಳಿಯುವುದಿಲ್ಲ ಎಂಬುದೇ ನನ್ನನ್ನು ಹೆಚ್ಚು ನೋಯಿಸಿತು.

ಮೊಳೆ ಜೋಡಿಸುವ ಕಾಲದಲ್ಲಿ ಈ ತೊಂದರೆ ಇಷ್ಟಿರಲಿಲ್ಲ. ಖಾಲಿ ಜಾಗ ಎಂದರೂ ಅಲ್ಲಿ ಸೀಸದ ತುಂಡೊಂದನ್ನು ಇಡಲೇಬೇಕಿತ್ತು. ಇಡದಿದ್ದರೆ ಸಾಲು ಬಿಗಿಯಾಗಿ ನಿಲ್ಲುತ್ತಿರಲಿಲ್ಲ. ಇಂಗ್ಲಿಷ್ ಅಂಕಿಗಳ ಮೊಳೆಗಳೂ ಸಾಮಾನ್ಯವಾಗಿ ಒಂದೇ ಅಗಲದವು. 9ರ ಎಡಕ್ಕೆ ಒಂದು ಅಂಕಿಯಗಲದ ತುಂಡು ಇಟ್ಟರೆ ಆ ಅಂಕಿ 10ರ ಸೊನ್ನೆಯ ಮೇಲೆ ಕರಾರುವಾಕ್ಕಾಗಿ ಕೂರುತ್ತಿತ್ತು. ಖಾಲಿ ಜಾಗಕ್ಕೆ ಅಳತೆಯುಂಟು ಎಂಬುದನ್ನು ಕಂಪೋಜಿಟರನ ಬೆರಳು ಬಲ್ಲದು. ಕಂಪ್ಯೂಟರಿನ ಸ್ಪೇಸ್ ಬಾರ್ ಆ ತಿಳಿವಳಿಕೆಯನ್ನು ಅಳಿಸಿಹಾಕಿತು.

ಅಷ್ಟಕ್ಕೂ ಈ ಹೊಂದಿಕೆ ಯಾಕೆ ಬೇಕು? ಪರಿವಿಡಿಯನ್ನು ಯಾರೂ ಗದ್ಯದಂತೆ ಓದುವುದಿಲ್ಲ, ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಇಳಿಯುತ್ತಾರೆ. "10.7 ನೋಡಿ" ಎಂಬ ಸೂಚನೆ ಹಿಡಿದು ಬಂದವನ ಕಣ್ಣು ಅಂಕಿಗಳ ಸಾಲಿನ ಮೇಲೆ ಇಳಿಯುತ್ತದೆ. ಮುದಗಲ್ಲಿನ ಬಗ್ಗೆ ಏನಿದೆ ಎಂದು ಹುಡುಕುವವಳ ಕಣ್ಣು ಶೀರ್ಷಿಕೆಗಳ ಮೊದಲ ಅಕ್ಷರಗಳ ಮೇಲೆ ಇಳಿಯುತ್ತದೆ. ಇವು ಎರಡು ಬೇರೆ ದಾರಿಗಳು, ಎರಡೂ ನೇರವಾಗಿರಬೇಕು. ಸಿಂಧನೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಸಂಖ್ಯೆಯೇ ವಿಳಾಸ. ನಾಲೆಯ ಉಪಕಾಲುವೆಗಳನ್ನು ಸಂಖ್ಯೆಯಿಂದಲೇ ಕರೆಯುತ್ತಾರೆ, ಆರ್.ಎಚ್. ಕ್ಯಾಂಪುಗಳಿಗೆ ಒಂದು, ಎರಡು, ಮೂರು ಎಂಬುದೇ ಹೆಸರು. ಪಹಣಿಯಲ್ಲಿ ಹೊಲದ ಸರ್ವೆ ನಂಬರು, ಅದರ ಹಿಂದೆ ಹಿಸ್ಸಾ ನಂಬರು. ಹಿಸ್ಸಾ ಒಂದು ಮನೆ ಆಚೀಚೆಯಾದರೆ ಏನಾಗುತ್ತದೆಂದು ರೈತನಿಗೆ ಗೊತ್ತು.

ನಾನು ಆ ಪುಸ್ತಕದ ಪರಿವಿಡಿಯನ್ನು ಬೇರೆ ಬೇರೆ ವ್ಯವಸ್ಥೆಗಳಲ್ಲಿ ಜೋಡಿಸಿ ನೋಡಿದೆ. ವರ್ಡ್ ತಾನಾಗಿಯೇ ಪರಿವಿಡಿ ಮಾಡಿಕೊಡುತ್ತದೆ, ಅಂಕಿಗೂ ಶೀರ್ಷಿಕೆಗೂ ನಡುವೆ ಟ್ಯಾಬ್ ಹಾಕುತ್ತದೆ. ಸ್ಪೇಸಿಗಿಂತ ಇದು ಎಷ್ಟೋ ಮೇಲು. ಆದರೆ ಅಂಕಿ ಆ ಟ್ಯಾಬಿನ ಗುರುತನ್ನು ದಾಟಿದರೆ ಶೀರ್ಷಿಕೆ ಮುಂದಿನ ಗುರುತಿಗೆ ಜಿಗಿಯುತ್ತದೆ. ಗುರುತನ್ನು ಕೈಯಿಂದ ಸರಿಸಿದರೆ ಕೆಲಸ ಮುಗಿಯಿತು, ಸರಿಸುವವರು ಕಡಿಮೆ.

ಲೇಟೆಕ್‌ನ ಕಥೆ ಇದಕ್ಕಿಂತ ಆಳವಾದದ್ದು. 1977ರಲ್ಲಿ ತಮ್ಮದೇ ಗ್ರಂಥದ ಹೊಸ ಆವೃತ್ತಿಯ ಪ್ರೂಫ್ ನೋಡಿ ಬೇಸತ್ತ ಡೊನಾಲ್ಡ್ ಕ್ನೂತ್ ಟೆಕ್ ಎಂಬ ಅಕ್ಷರಜೋಡಣೆ ವ್ಯವಸ್ಥೆಯನ್ನು ಕಟ್ಟಲು ಹೊರಟರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಲೇಟೆಕ್ ಕಟ್ಟಿದರು. ಅಂದವಾದ ಪುಟಕ್ಕಾಗಿಯೇ ಹುಟ್ಟಿದ ವ್ಯವಸ್ಥೆ ಅದು. ಪರಿವಿಡಿಯ ವಿಷಯದಲ್ಲೂ ಅದರ ಮೂಲ ಆಲೋಚನೆ ಸರಿಯಾಗಿದೆ: ಅಂಕಿಗೆ ಒಂದು ಪೆಟ್ಟಿಗೆ, ಆ ಪೆಟ್ಟಿಗೆ ಮುಗಿದಲ್ಲಿಂದ ಶೀರ್ಷಿಕೆ. ಶೀರ್ಷಿಕೆ ಎರಡನೇ ಸಾಲಿಗೆ ಇಳಿದರೂ ಅಂಕಿಯ ಕೆಳಗೆ ನುಸುಳುವುದಿಲ್ಲ, ಮೊದಲ ಸಾಲಿನ ಶೀರ್ಷಿಕೆಯ ಕೆಳಗೇ ನಿಲ್ಲುತ್ತದೆ. ಕನ್ನಡಕ್ಕೆ ಇದು ದೊಡ್ಡ ಉಪಕಾರ. ವಿಭಕ್ತಿ ಹತ್ತಿ, ಸಮಾಸವಾಗಿ ನಮ್ಮ ಪದಗಳು ಉದ್ದವಾಗುತ್ತವೆ; 'ಲಿಂಗಸೂಗೂರು ತಾಲ್ಲೂಕಿನ ನವಶಿಲಾಯುಗದ ನೆಲೆಗಳು' ಎಂಬುದಕ್ಕೇ ಡೆಮಿ 1/8 ಪುಟದ ಒಂದು ಸಾಲು ಸಾಲದೆ ಹೋಗಬಹುದು.

ತಪ್ಪಿದ್ದು ಪೆಟ್ಟಿಗೆಯ ಅಗಲದಲ್ಲಿ. ಅದನ್ನು ಅಳೆದು ಇಟ್ಟಿಲ್ಲ, ಊಹಿಸಿ ಇಟ್ಟಿದ್ದಾರೆ. ಪುಸ್ತಕದ ಸಿದ್ಧ ವಿನ್ಯಾಸದಲ್ಲಿ ಅಧ್ಯಾಯದೊಳಗಿನ ಭಾಗದ ಅಂಕಿಗೆ 2.3 ಎಮ್ ಜಾಗ. ಎಮ್ ಎಂದರೆ ಹೆಚ್ಚುಕಡಿಮೆ ಅಕ್ಷರದ ಗಾತ್ರದಷ್ಟೇ ಅಗಲ. 10 ಪಾಯಿಂಟಿನ ಅಕ್ಷರಕ್ಕೆ 10 ಪಾಯಿಂಟು. ಕ್ನೂತ್ ಅವರ ಕಂಪ್ಯೂಟರ್ ಮಾಡರ್ನ್ ಫಾಂಟಿನಲ್ಲಿ ಒಂದು ಅಂಕಿ ಅರ್ಧ ಎಮ್, ಚುಕ್ಕಿ 0.278 ಎಮ್. 1.1ಕ್ಕೆ ಬೇಕಾದದ್ದು 1.278, ಶೀರ್ಷಿಕೆಗೆ ಮೊದಲು ಒಂದು ಎಮ್‌ಗೂ ಹೆಚ್ಚು ತೆರಪು ಉಳಿಯುತ್ತದೆ. 10.10ಕ್ಕೆ ಬೇಕಾದದ್ದು 2.278. ಉಳಿಯುವುದು 0.022 ಎಮ್, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಅಲ್ಲ. ಅದರ ಕೆಳಗಿನ ಹಂತಕ್ಕೆ 3.2 ಎಮ್ ಕೊಟ್ಟಿದ್ದಾರೆ, 10.10.10ಕ್ಕೆ 3.556 ಬೇಕು. ಅಂಕಿ ಶೀರ್ಷಿಕೆಯ ಮೇಲೇ ಹತ್ತಿ ಕೂರುತ್ತದೆ. ಲಾಗ್ ಕಡತದಲ್ಲಿ ಒಂದು ಎಚ್ಚರಿಕೆ ಬಿದ್ದಿರುತ್ತದೆ, ಅದನ್ನು ತೆರೆದು ಓದುವವರು ಯಾರು? ಇದು ಇಂಗ್ಲಿಷ್ ಅಂಕಿಗಳ ಲೆಕ್ಕ. ಅಗಲವಾದ ಕನ್ನಡ ಅಂಕಿಗಳಲ್ಲಿ ೧೦.೧೦ ಎಂದು ಹಾಕಿದರೆ ಪೆಟ್ಟಿಗೆ ಅಲ್ಲಿಗೇ ಒಡೆಯುತ್ತದೆ.

ಆ ಕಾಲದ ಯಂತ್ರಗಳು ಚಿಕ್ಕವು, ಅಳೆಯಲು ಆಗುತ್ತಿರಲಿಲ್ಲ ಎಂದು ಸಮರ್ಥಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲೇಟೆಕ್ ಪರಿವಿಡಿಯನ್ನು ಒಂದು ಓಟದಲ್ಲಿ ಕಡತಕ್ಕೆ ಬರೆದು ಮುಂದಿನ ಓಟದಲ್ಲಿ ಓದಿಕೊಳ್ಳುತ್ತದೆ. ಅತಿ ಅಗಲದ ಅಂಕಿ ಯಾವುದೆಂದು ಆ ನಡುವೆ ಅಳೆದಿಟ್ಟುಕೊಳ್ಳಲು ಅಡ್ಡಿಯೇನಿರಲಿಲ್ಲ. ಜರ್ಮನಿಯ ಮಾರ್ಕಸ್ ಕೋಮ್ ಲೇಟೆಕ್‌ಗಾಗಿ ರೂಪಿಸಿದ ಕೋಮಾ-ಸ್ಕ್ರಿಪ್ಟ್ ಮಾಡಿ ತೋರಿಸಿದ್ದು ಅದನ್ನೇ. ಅದರ 'ಫ್ಲ್ಯಾಟ್' ಆಯ್ಕೆಯಲ್ಲಿ ಪರಿವಿಡಿ ಮೂರು ಕಂಬಗಳ ಕೋಷ್ಟಕವಾಗುತ್ತದೆ: ಅಂಕಿ, ಶೀರ್ಷಿಕೆ, ಪುಟ. ಅಂಕಿಯ ಕಂಬದ ಅಗಲವನ್ನು ಹಿಂದಿನ ಓಟದಲ್ಲಿ ಅಳೆದಿರುತ್ತದೆ. ಉಳಿದವರು ಟಾಕ್‌ಲಾಫ್ಟ್ ಎಂಬ ಪ್ಯಾಕೇಜು ಹಾಕಿಕೊಂಡು ಅಗಲವನ್ನು ತಾವೇ ಬರೆದುಕೊಡುತ್ತಾರೆ. ಅದೂ ಊಹೆಯೇ, ಸ್ವಲ್ಪ ವಿವೇಕದ ಊಹೆ.

ಬರ್ಲಿನ್‌ನಲ್ಲಿ ಹುಟ್ಟಿ 2023ರಲ್ಲಿ ಎಲ್ಲರಿಗೂ ತೆರೆದುಕೊಂಡ ಪುಟಜೋಡಣೆ ವ್ಯವಸ್ಥೆ ಟೈಪ್‌ಸ್ಟ್ ಕೂಡ ಮೊದಲಿಗೆ ಇದೇ ಹಳ್ಳಕ್ಕೆ ಬಿದ್ದಿತ್ತು. ಅಂಕಿ, ಒಂದು ತೆರಪು, ಶೀರ್ಷಿಕೆ. ಹೊಂದಿಕೆ ಬೇಕಾದವರು ತಾವೇ ಕೋಡ್ ಬರೆದುಕೊಳ್ಳಬೇಕಿತ್ತು. 2025ರ ಫೆಬ್ರುವರಿಯಲ್ಲಿ ಬಂದ 0.13 ಆವೃತ್ತಿ ಅದನ್ನು ಸರಿಪಡಿಸಿತು. ಈಗ ಅದು ಅಂಕಿಗಳನ್ನು ತಾನೇ ಅಳೆಯುತ್ತದೆ. ಒಂದೇ ಹಂತದ ಶೀರ್ಷಿಕೆಗಳೆಲ್ಲ ಒಂದೇ ಗೆರೆಯಲ್ಲಿ ಶುರುವಾಗುತ್ತವೆ, ಅವುಗಳ ಕೆಳಗಿನ ಹಂತದ ಅಂಕಿ ಆ ಗೆರೆಯಿಂದಲೇ ಹೊರಡುತ್ತದೆ. ನಮ್ಮ ಪುಸ್ತಕದ ಹನ್ನೆರಡು ಅಧ್ಯಾಯಗಳನ್ನು ಹಾಕಿದಾಗ, ನಾನು ಒಂದು ಅಳತೆಯನ್ನೂ ಕೊಡದೆ, 1.1ರ ಶೀರ್ಷಿಕೆಯೂ 10.12ರ ಶೀರ್ಷಿಕೆಯೂ ಒಂದೇ ಗೆರೆಗೆ ಬಂದು ನಿಂತವು. ಅಂದು ನನಗಾದ ಸಂತೋಷ ದೊಡ್ಡದು.

ಕೊರತೆ ಇಲ್ಲವೆಂದಲ್ಲ. ಹಂತ ಹಂತವಾಗಿ ಬಲಕ್ಕೆ ಸರಿಯುವ ಈ ವಿನ್ಯಾಸದಲ್ಲಿ ಮೂರನೇ ಹಂತ ಎಡ ಅಂಚಿನಿಂದ ಬಹಳ ದೂರ ಸರಿದುಬಿಡುತ್ತದೆ. ಡೆಮಿ 1/8 ಪುಟದಲ್ಲಿ, ನಮ್ಮ ಉದ್ದುದ್ದ ಶೀರ್ಷಿಕೆಗಳಿಗೆ, ಆ ಉಳಿದ ಜಾಗ ಇಕ್ಕಟ್ಟು. ಮೂರು ಹಂತದ ಪ್ರಬಂಧಗಳಿಗೆ ಕೋಮಾ-ಸ್ಕ್ರಿಪ್ಟಿನ ಮೂರು ಕಂಬವೇ ಮೇಲೆಂದು ನನ್ನ ಅನುಭವ. ಎರಡೇ ಹಂತ ಸಾಕಾದ ಪುಸ್ತಕಕ್ಕೆ ಟೈಪ್‌ಸ್ಟ್.

ಇನ್ನೊಂದು ಕೊರತೆ ಮನಸ್ಸಿಗೆ ಚುಚ್ಚುವಂಥದ್ದು. ಟೈಪ್‌ಸ್ಟ್ 0.13ರಲ್ಲಿ ಸಂಖ್ಯೆಗಳನ್ನು ದೇವನಾಗರಿಯಲ್ಲಿ ಹಾಕಬಹುದಿತ್ತು, ಬಂಗಾಳಿಯಲ್ಲಿ ಹಾಕಬಹುದಿತ್ತು. ಕನ್ನಡ ಅಂಕಿಗಳು ಆ ಪಟ್ಟಿಯಲ್ಲಿರಲಿಲ್ಲ. ಸಿಂಧನೂರಿನ ಆರ್.ಎಚ್. ಕ್ಯಾಂಪಿನ ಬಂಗಾಳಿ ಕುಟುಂಬವೊಂದು ತನ್ನ ಭಾಷೆಯಲ್ಲಿ ಪುಸ್ತಕ ಮಾಡಿದರೆ ಅಧ್ಯಾಯದ ಅಂಕಿ ಸಲೀಸಾಗಿ ಬರುತ್ತದೆ. ಅವರಿಗೆ ಅದು ಸಿಗಲೇಬೇಕು, ಸಿಕ್ಕಿದ್ದು ಒಳ್ಳೆಯದೇ. ನಮಗೆ ಮಾತ್ರ ಒಂದೊಂದೇ ಅಂಕಿಯನ್ನು ಬದಲಿಸುವ ಚಿಕ್ಕ ಕೋಡ್ ಬರೆದುಕೊಳ್ಳುವ ಪಾಡು. ಕನ್ನಡದ ತಂತ್ರಜ್ಞರು ಮನಸ್ಸು ಮಾಡಿದರೆ ಇದು ದೊಡ್ಡ ಕೆಲಸವಲ್ಲ. ಫಾಂಟು ಮಾಡುವವರಲ್ಲೂ ಒಂದು ಕೋರಿಕೆಯಿದೆ. ಅನೇಕ ಕನ್ನಡ ಫಾಂಟುಗಳಲ್ಲಿ ೧ರ ಅಗಲವೂ ೯ರ ಅಗಲವೂ ಒಂದೇ ಇರುವುದಿಲ್ಲ. ಗದ್ಯದ ನಡುವೆ ಅದು ಚೆಂದವೇ. ಪರಿವಿಡಿಗೆ, ಲೆಕ್ಕಪತ್ರಕ್ಕೆ ಸಮ ಅಗಲದ ಅಂಕಿಗಳ ಇನ್ನೊಂದು ಜೊತೆಯನ್ನೂ ಫಾಂಟಿನೊಳಗೆ ಇಟ್ಟುಕೊಡಿ.

ಅಂಕಿಯನ್ನು ಎಡಕ್ಕೆ ಹೊಂದಿಸಬೇಕೋ ಬಲಕ್ಕೋ ಎಂಬುದು ಹಳೆಯ ಜಗಳ. ಬರೀ ಅಧ್ಯಾಯಗಳಿರುವ ಪುಸ್ತಕಕ್ಕೆ ಬಲವೇ ಸರಿ. ನಮ್ಮ ಜಿಲ್ಲೆಯ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ 32 ಸಂಧಿಗಳು. ಅಂಥ ಪಟ್ಟಿಯಲ್ಲಿ, ಶಾಲೆಯಲ್ಲಿ ಕೂಡುವ ಲೆಕ್ಕಕ್ಕೆ ಕಲಿಸಿದಂತೆ, ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರಬೇಕು. ಹಂತಗಳಿರುವ ಪುಸ್ತಕಕ್ಕೆ ಎಡವೇ ಸರಿ, ಯಾಕೆಂದರೆ ಯಾವ ಹಂತ ಎಂಬುದು ಅಂಕಿಯ ಎಡ ಅಂಚಿನಿಂದಲೇ ತಿಳಿಯುತ್ತದೆ. ಕೆಲವರು ಚುಕ್ಕಿಯ ಕೆಳಗೆ ಚುಕ್ಕಿ ಬರುವಂತೆ ದಶಮಾಂಶದ ಟ್ಯಾಬ್ ಹಾಕುತ್ತಾರೆ. ಆದರೆ ಇದು ದಶಮಾಂಶವಲ್ಲ. ಲೆಕ್ಕದಲ್ಲಿ 10.10 ಎಂದರೆ 10.1ರಷ್ಟೇ, ಪರಿವಿಡಿಯಲ್ಲಿ ಅದು 10.9ರ ನಂತರದ ಭಾಗ. ಅಂಕಿಯ ಅರ್ಥವೇ ಬೇರೆಯಾದ ಕಡೆ ಲೆಕ್ಕದ ಪುಸ್ತಕದ ರೀತಿಯನ್ನು ತಂದು ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ಸಿಂಧನೂರು, ಲಿಂಗಸೂಗೂರು, ಮಸ್ಕಿಯ ಡಿಟಿಪಿ ಗೆಳೆಯರಲ್ಲಿ, ಪುಸ್ತಕ ಮಾಡಿಸುವ ಲೇಖಕರಲ್ಲಿ, ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಯಾವ ಸಾಫ್ಟ್‌ವೇರನ್ನಾದರೂ ಬಳಸಿ, ಸ್ಪೇಸ್ ಬಾರಿನಿಂದ ಮಾತ್ರ ಹೊಂದಿಸಬೇಡಿ. ಪರಿವಿಡಿಯ ಪ್ರೂಫ್ ಕೈಗೆ ಬಂದಾಗ ಮೊದಲ ಅಧ್ಯಾಯದಿಂದ ನೋಡಬೇಡಿ, ಹತ್ತನೆಯದರಿಂದ ನೋಡಿ.