ಯಾದವಗಿರಿಯ ಜಾವಾಗಳು

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರಿನ ಮೇಳಕ್ಕೆ ಹೋದಾಗ ನನ್ನ ಕಣ್ಣು ಮೊದಲು ಹುಡುಕುವುದು ಕ್ರೋಮ್ ಪಕ್ಕೆಗಳ ಮರೂನ್ ಟ್ಯಾಂಕನ್ನು. 1961ರಿಂದ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ ಬೈಕುಗಳಿವು. ಹೆಸರು ಜೆಕ್ ದೇಶದ್ದು, ದುಡಿಮೆ ನಮ್ಮವರದು.

ಬಗ್ಗಿ ನೋಡಬೇಕಾದ್ದು ಎಡಗಾಲಿನ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಗೇರ್ ಲಿವರೇ ಕಿಕ್ಕರ್ ಆಗುತ್ತದೆ! ಗೇರ್ ಬದಲಿಸುವಾಗ ಅದೇ ಲಿವರ್ ಕ್ಲಚ್ಚನ್ನೂ ಬಿಡಿಸುವುದರಿಂದ ಕೈಯ ಕ್ಲಚ್ ಹಿಡಿಯಲೇಬೇಕೆಂದಿಲ್ಲ. ಒಂದೇ ತುಂಡು ಲೋಹಕ್ಕೆ ಮೂರು ಕೆಲಸ. ಇಷ್ಟು ಜಾಣ ವಿನ್ಯಾಸವನ್ನು ನಾನು ಬೇರೆ ಬೈಕಿನಲ್ಲಿ ಕಂಡಿಲ್ಲ.

ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. 250 ಸಿಸಿಯ ಟೂ-ಸ್ಟ್ರೋಕ್ ಎಂಜಿನ್ ಚಾಲೂ ಆದರೆ ನೀಲಿ ಹೊಗೆ, ಸುಟ್ಟ ಆಯಿಲಿನ ವಾಸನೆ, ಡುಬುಡುಬು ಸದ್ದು. ಪಕ್ಕದ ಸಾಲಿನಲ್ಲಿ ಅದೇ ಕಾರ್ಖಾನೆಯ ಯೆಜ್ಡಿ ರೋಡ್‌ಕಿಂಗ್‌ಗಳು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಇವು ಇನ್ನೂ ಓಡುತ್ತಿರುವುದು ಮೈಸೂರು, ಬೆಂಗಳೂರಿನ ಗಲ್ಲಿಗಳ ಹಳೆಯ ಮೆಕ್ಯಾನಿಕ್‌ಗಳ ಕೈಗುಣದಿಂದ. ಪಾಯಿಂಟ್ ಗ್ಯಾಪನ್ನು ಕಣ್ಣಳತೆಯಲ್ಲೇ ಹೊಂದಿಸುವ ಅವರನ್ನೂ ಮೇಳದ ವೇದಿಕೆಗೆ ಕರೆದು ಸನ್ಮಾನಿಸಬೇಕು.

2018ರಲ್ಲಿ ಜಾವಾ ಹೆಸರು ಮರಳಿದೆ, ಫೋರ್-ಸ್ಟ್ರೋಕ್ ಎಂಜಿನ್ನಿನೊಂದಿಗೆ. ಚೆಂದದ ಗಾಡಿಯೇ. ಆದರೂ ನನ್ನ ಕಿವಿ ಹಳೆಯದರ ಪರ.